ಮೈಕು ತಮ್ಮ ಕೈಯಲ್ಲಷ್ಟೇ ಇರಲೆಂದು ಬಯಸುವ ಮಾನ್ಯರಿಗೆ

ಸನ್ಮಾನ್ಯರೇ,

ತಮ್ಮ ಹೆಸರನ್ನು ಈ ಪತ್ರದಲ್ಲಿ ಎಲ್ಲಿಯೂ ಬರೆದಿಲ್ಲ. ರಾಜ್ಯದ ಉನ್ನತ ಶಿಕ್ಷಣದ ಹೊಣೆ ಹೊತ್ತು ತಾವು ಕೂತಿರುವ ಕುರ್ಚಿಯಲ್ಲಿ ಮೊದಲು ಬೇರೆ ಪಕ್ಷದವರು ಕೂತಿದ್ದರು, ನಾಳೆ ಮತ್ತೊಬ್ಬರು ಬಂದು ಕೂಡುತ್ತಾರೆ. ನಾನು ಪ್ರಸ್ತಾಪಿಸಲಿರುವ ಕಡತ ಮಾತ್ರ ಅದೇ ಮೇಜಿನ ಮೇಲೆ ಇದ್ದಲ್ಲೇ ಇದೆ. ಆದರೂ ಕಡೆಯದಾಗಿ ಮಾತು ಕೊಟ್ಟವರು ತಾವು. ಊರ ಮುಂದೆ, ಹಾರ ಹಾಕಿಸಿಕೊಂಡು, ಮೈಕಿನಲ್ಲಿ ಕೊಟ್ಟ ಮಾತು ಅದು. ಅದರ ಲೆಕ್ಕವನ್ನೂ ಊರ ಮುಂದೆಯೇ ಕೇಳುವುದು ಸರಿಯೆನಿಸಿ ಈ ಪತ್ರವನ್ನು ಲಕೋಟೆಗೆ ಹಾಕದೆ ಕಳಿಸುತ್ತಿದ್ದೇನೆ.

ಗದಗ ಜಿಲ್ಲೆಯ ಉತ್ತರದ ಅಂಚಿನ ಪದವಿ ಕಾಲೇಜೊಂದರಲ್ಲಿ ಪತ್ರಿಕೋದ್ಯಮ ಓದಿಸುವವನು ನಾನು. ರೋಣ, ನರಗುಂದ, ಗಜೇಂದ್ರಗಡ ತಾಲ್ಲೂಕುಗಳ ಮಕ್ಕಳು ನನ್ನ ತರಗತಿಯಲ್ಲಿದ್ದಾರೆ. ಎರೆಹೊಲದಲ್ಲಿ ಹೆಸರು, ಕಡಲೆ ಬೆಳೆಯುವವರ ಮಕ್ಕಳು, ಮಗ್ಗದ ಮನೆಯವರ ಮಕ್ಕಳು, ದಿನಗೂಲಿಯವರ ಮಕ್ಕಳು. 2024ರ ಆಗಸ್ಟ್ 28ರಂದು ಕೇಂದ್ರ ಸಚಿವ ಸಂಪುಟವು 234 ಹೊಸ ಊರುಗಳಲ್ಲಿ 730 ಖಾಸಗಿ ಎಫ್‌ಎಂ ವಾಹಿನಿಗಳ ಹರಾಜಿಗೆ ಒಪ್ಪಿಗೆ ಕೊಟ್ಟಿತು. ಆ ಪಟ್ಟಿಯಲ್ಲಿ ಗದಗ-ಬೆಟಗೇರಿಯ ಹೆಸರಿತ್ತು. ಸುದ್ದಿ ಓದಿದ ಹುಡುಗಿಯೊಬ್ಬಳು ತರಗತಿಯಲ್ಲಿ ಎದ್ದು ನಿಂತು ಕೇಳಿದಳು: ‘ಸರ, ಗದಗಿಗೆ ಎಫ್‌ಎಂ ಬಂದ್ರ ನಮ್ಮನ್ನ ತೊಗೋತಾರೇನ್ರಿ?’

ಆ ಪ್ರಶ್ನೆಗೆ ಉತ್ತರ ಕೊಡಬೇಕಾದವರು ತಾವು. ಏಕೆಂದರೆ ಆ ಮಕ್ಕಳನ್ನು ಅಂಥ ಕೆಲಸಕ್ಕೆ ಅಣಿಗೊಳಿಸುತ್ತೇನೆಂದು ಹೇಳಿದವರು ತಾವು. ನಮ್ಮ ಕಾಲೇಜಿನ ವಾರ್ಷಿಕೋತ್ಸವಕ್ಕೆ ತಾವು ದಯಮಾಡಿಸಿದ್ದ ದಿನ ನೆನಪಿರಬಹುದು. ‘ಹಳ್ಳಿಯ ಮಕ್ಕಳೂ ಬೆಂಗಳೂರಿನ ವಾಹಿನಿಗಳಲ್ಲಿ ಕೂರಬೇಕು’ ಎಂದು ತಾವು ಹೇಳಿದಾಗ ಹಿಂದಿನ ಬೆಂಚಿನವರೂ ಎದ್ದು ಚಪ್ಪಾಳೆ ತಟ್ಟಿದರು. ಬರುವ ವರ್ಷದ ಹೊತ್ತಿಗೆ ಇಲ್ಲೊಂದು ಧ್ವನಿಮುದ್ರಣ ಕೋಣೆ, ಒಂದು ಸಮುದಾಯ ಬಾನುಲಿ, ಅದನ್ನು ನಡೆಸಲು ಕಾಯಂ ಅಧ್ಯಾಪಕರು, ಇವು ಮೂರನ್ನೂ ತಾವು ಘೋಷಿಸಿದಿರಿ. ಕೋಣೆಯನ್ನು ಗುರುತಿಸಲಾಯಿತು. ಬಾಗಿಲ ಪಕ್ಕದಲ್ಲಿ ತಮ್ಮ ಹೆಸರಿನ ಕಲ್ಲೂ ಕೂತಿತು. ಈಗ ಆ ಕೋಣೆಯಲ್ಲಿ ಹಳೆಯ ಉತ್ತರಪತ್ರಿಕೆಗಳ ಗಂಟುಗಳಿವೆ. ನಾವು ಬರೆದ ಪತ್ರಗಳಿಗೆ ತಮ್ಮ ಕಚೇರಿಯಿಂದ ಬಂದ ಉತ್ತರಗಳನ್ನು ತೆಗೆದಿರಿಸಿದ್ದೇನೆ. ಎಲ್ಲದರಲ್ಲೂ ಒಂದೇ ಮಾತು: ‘ವಿಷಯ ಪರಿಶೀಲನೆಯಲ್ಲಿದೆ.’

ಇಂಥ ಕೆಲಸಗಳು ದೊಡ್ಡ ಶಹರದವರಿಗೆ ಒಗ್ಗುವಂಥವು, ಬಯಲುಸೀಮೆಯ ತಾಲ್ಲೂಕಿಗೆ ಅವುಗಳ ಗೊಡವೆ ಏಕೆ ಎಂದು ತಮ್ಮ ಸುತ್ತಲಿನವರು ಹೇಳುತ್ತಾರಂತೆ. ಅವರಿಗೆ ತಾವು ಒಂದು ಸಂಗತಿ ತಿಳಿಸಬೇಕು. ಕನ್ನಡ ನಾಡಿನ ಬಾನುಲಿ ಹುಟ್ಟಿದ್ದು ಸರ್ಕಾರಿ ಕಚೇರಿಯಲ್ಲೂ ಅಲ್ಲ, ಸಾಹುಕಾರರ ಬಂಗಲೆಯಲ್ಲೂ ಅಲ್ಲ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನೋವಿಜ್ಞಾನ ಕಲಿಸುತ್ತಿದ್ದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ಸ್ವಂತ ಮನೆಯಲ್ಲಿ, 30 ವ್ಯಾಟ್‌ನ ಪುಟ್ಟ ಪ್ರೇಷಕವೊಂದನ್ನು ಇಟ್ಟುಕೊಂಡು ಪ್ರಸಾರ ಆರಂಭಿಸಿದರು. ಆಕಾಶವಾಣಿ ಎಂಬ ಹೆಸರಿನಿಂದ ನಾಡು ಅದನ್ನು ಗುರುತಿಸಿತು. ಅದೇ ಕಾಲೇಜಿನಲ್ಲಿ 1951ರಲ್ಲಿ ನಾಡಿಗ ಕೃಷ್ಣಮೂರ್ತಿಯವರ ಮುಂದಾಳ್ತನದಲ್ಲಿ ಪತ್ರಿಕೋದ್ಯಮದ ಪಾಠ ಶುರುವಾಯಿತು. ಅಂದರೆ ಪ್ರಸಾರವೂ ಪತ್ರಿಕೋದ್ಯಮದ ಶಿಕ್ಷಣವೂ ಈ ನಾಡಿನಲ್ಲಿ ಕಾಲೇಜಿನ ಮೇಷ್ಟ್ರ ಕೈಯಿಂದಲೇ ಹೊರಟವು. ತೊಂಬತ್ತು ವರ್ಷಗಳ ಹಿಂದೆ ಒಬ್ಬ ಮೇಷ್ಟ್ರು ಮನೆಯಲ್ಲಿ ಮಾಡಿದ್ದನ್ನು ಇಂದು ಸರ್ಕಾರಿ ಕಾಲೇಜಿನ ಒಂದು ಕೋಣೆಯಲ್ಲಿ ಮಾಡಲಾಗದು ಎಂಬ ಮಾತನ್ನು ನಾನು ಒಪ್ಪಲಾರೆ.

ಈ ಸೀಮೆಗೆ ದನಿಯ ಬಡತನವೂ ಇಲ್ಲ. ಭೀಮಸೇನ ಜೋಶಿಯವರು 1922ರ ಫೆಬ್ರುವರಿ 4ರಂದು ಹುಟ್ಟಿದ್ದು ರೋಣದಲ್ಲಿ. ಅವರು ಹಾಡು ಕಲಿಯಲು ಊರು ಬಿಟ್ಟು ಓಡಬೇಕಾಯಿತು, 1943ರಲ್ಲಿ ಮುಂಬಯಿಗೆ ಹೋಗಿ ಬಾನುಲಿ ಕಲಾವಿದರಾದರು. ಆಗ ನಮ್ಮ ಹತ್ತಿರ ನಿಲಯವಿರಲಿಲ್ಲ. 1950ರ ಜನವರಿ 8ರಂದು ಧಾರವಾಡದಲ್ಲಿ ಆಕಾಶವಾಣಿ ತೆರೆಯಿತು. ಎನ್ಕೆ ಕುಲಕರ್ಣಿಯವರಂಥ ಲೇಖಕರು ಅಲ್ಲಿ ಕೂತು ನಮ್ಮ ಕಡೆಯ ಮಾತಿಗೆ ಬಾನುಲಿಯಲ್ಲಿ ಜಾಗ ಮಾಡಿಕೊಟ್ಟರು. ನನ್ನ ವಿದ್ಯಾರ್ಥಿಗಳ ಅಜ್ಜಂದಿರು ಬಿತ್ತನೆಯ ಹದ, ಹವಾಮಾನ, ನಾಟಕ ಎಲ್ಲವನ್ನೂ ಕೇಳಿದ್ದು ಅಲ್ಲಿಂದಲೇ. 1975ರ ಆಗಸ್ಟಿನಿಂದ ಒಂದು ವರ್ಷ ಉಪಗ್ರಹದ ಮೂಲಕ ಹಳ್ಳಿಗಳಿಗೆ ದೂರದರ್ಶನ ತಲುಪಿಸುವ ಪ್ರಯೋಗ ನಡೆಯಿತು. ಆರು ರಾಜ್ಯಗಳ 2,400 ಹಳ್ಳಿಗಳಲ್ಲಿ ಟಿವಿ ಪೆಟ್ಟಿಗೆಗಳನ್ನು ಇಟ್ಟರು. ನಮ್ಮ ಗಡಿಗೆ ತಾಗಿದ ಅಂದಿನ ವಿಜಾಪುರ, ರಾಯಚೂರು ಜಿಲ್ಲೆಗಳು ಆ ಪ್ರಯೋಗದಲ್ಲಿದ್ದವು. ಗೊಡ್ಡು ಬಯಲೆಂದು ಇಂದು ತಮ್ಮ ಸುತ್ತಲಿನವರು ಕರೆಯುವ ಇಂಥ ನೆಲವನ್ನೇ ಅಂದಿನ ಎಂಜಿನಿಯರುಗಳು ಹುಡುಕಿಕೊಂಡು ಬಂದಿದ್ದರು. ಕೇಳುವುದಕ್ಕೆ, ನೋಡುವುದಕ್ಕೆ ನಮ್ಮನ್ನು ಎಲ್ಲರೂ ಕರೆದಿದ್ದಾರೆ. ಹೇಳುವುದಕ್ಕೆ ಕರೆಯುವ ಸರದಿ ತಮ್ಮ ಕಾಲದಲ್ಲಿ ಬಂದಿತ್ತು.

ಈಗ ತರಗತಿಯೊಳಗೆ ಬನ್ನಿ. ಪಠ್ಯಕ್ರಮವನ್ನು ಸುಧಾರಿಸಿದ್ದೇವೆ ಎಂದು ತಾವು ಹಲವು ಸಭೆಗಳಲ್ಲಿ ಹೇಳಿದ್ದೀರಿ. ಸುಧಾರಣೆ ಆಗಿರುವುದು ನಿಜ. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಮೊದಲು ಜಾರಿಗೆ ತಂದ ರಾಜ್ಯ ನಮ್ಮದಾಯಿತು, ಪದವಿ ನಾಲ್ಕು ವರ್ಷದ ದಾರಿ ಹಿಡಿಯಿತು. 2024ರ ಮೇ ತಿಂಗಳಲ್ಲಿ ಅದನ್ನು ಕೈಬಿಟ್ಟು ಮೂರು ವರ್ಷಕ್ಕೆ ಮರಳಿದೆವು. ಮೊದಲಿನದೊಂದು, ನಡುವಿನದೊಂದು, ಈಗಿನದೊಂದು, ಹೀಗೆ ಮೂರು ಪಠ್ಯಕ್ರಮಗಳನ್ನು ಕಂಡ ಅಧ್ಯಾಪಕ ನಾನು. ರೇಡಿಯೊ ನಿರ್ಮಾಣ, ವಿಡಿಯೊ ಸಂಕಲನ, ಮಾಧ್ಯಮ ನಿರ್ವಹಣೆ ಎಂಬ ಸಾಲುಗಳು ಮೂರರಲ್ಲಿಯೂ ಇವೆ. ಪ್ರಾಯೋಗಿಕ ಅಂಕಗಳೂ ಇವೆ. ಪ್ರಯೋಗಕ್ಕೆ ಬೇಕಾದ ಒಂದು ವಸ್ತುವೂ ಮೂರೂ ಸಲ ಬರಲಿಲ್ಲ. ಆದ್ದರಿಂದ ನಮ್ಮ ಮಕ್ಕಳು ಮಿಕ್ಸರ್ ಯಂತ್ರದ ಚಿತ್ರವನ್ನು ಜರ್ನಲ್ ಪುಸ್ತಕದಲ್ಲಿ ಪೆನ್ಸಿಲ್ಲಿನಿಂದ ಬರೆದು ಭಾಗಗಳನ್ನು ಗುರುತಿಸುತ್ತಾರೆ. ಮೈಕಿನ ವಿಧಗಳನ್ನು ಬಾಯಿಪಾಠ ಮಾಡುತ್ತಾರೆ. ಸ್ಟುಡಿಯೊ ಗೋಡೆಗೆ ದನಿ ಹೀರುವ ಹೊದಿಕೆ ಏಕೆ ಬೇಕು ಎಂಬ ಪ್ರಶ್ನೆಗೆ ಸರಿಯುತ್ತರ ಬರೆದು ಹತ್ತಕ್ಕೆ ಒಂಬತ್ತು ಅಂಕ ಪಡೆದ ಹುಡುಗ ತನ್ನ ದನಿಯನ್ನು ಹೆಡ್‌ಫೋನಿನಲ್ಲಿ ಒಮ್ಮೆಯೂ ಕೇಳಿಲ್ಲ. ಗಜೇಂದ್ರಗಡದಲ್ಲಿ ಪಟ್ಟೇದ ಅಂಚಿನ ಸೀರೆ ನೇಯುವ ಮನೆಗಳಿವೆ. ಅಲ್ಲಿ ಯಾವ ತಂದೆಯೂ ಮಗ್ಗದ ಚಿತ್ರ ತೋರಿಸಿ ಮಗಳಿಗೆ ನೇಯ್ಗೆ ಕಲಿಸುವುದಿಲ್ಲ, ಎಳೆಯನ್ನೇ ಕೈಗೆ ಕೊಡುತ್ತಾನೆ. ರಾಜ್ಯದ ಉನ್ನತ ಶಿಕ್ಷಣವನ್ನು ನೋಡಿಕೊಳ್ಳುವ ತಾವು ಅಷ್ಟನ್ನಾದರೂ ಮಾಡಬಹುದಿತ್ತು.

ಇನ್ನು ಕಲಿಸುವವರು. ನಮ್ಮ ಸರ್ಕಾರಿ ಪದವಿ ಕಾಲೇಜುಗಳ ಪಾಠದ ಭಾರ ಬಹುಮಟ್ಟಿಗೆ ಅತಿಥಿ ಉಪನ್ಯಾಸಕರ ಹೆಗಲ ಮೇಲಿದೆ. 2023ರ ನವೆಂಬರಿನಲ್ಲಿ ಅವರು ರಾಜ್ಯದಾದ್ಯಂತ ತರಗತಿ ಬಿಟ್ಟು ಧರಣಿ ಕೂತರು. ಕಾಯಮಾತಿಯನ್ನು ಕೇಳಿದರು, ಗೌರವಧನ ಒಂದಿಷ್ಟು ಹೆಚ್ಚಿತು, ಕಾಯಮಾತಿ ಆಗಲಿಲ್ಲ. ಬರುವ ವರ್ಷ ತಾನು ಇದೇ ಕಾಲೇಜಿನಲ್ಲಿ ಇರುತ್ತೇನೋ ಇಲ್ಲವೋ ತಿಳಿಯದವನು ಬಾನುಲಿಯಂಥ ದೀರ್ಘ ಕೆಲಸವನ್ನು ಹೇಗೆ ಕಟ್ಟಿಯಾನು? ಬಾನುಲಿ ಎಂದರೆ ಪ್ರತಿದಿನ ಹೊತ್ತಿಗೆ ಸರಿಯಾಗಿ ಬಾಗಿಲು ತೆರೆಯಬೇಕಾದ ಅಂಗಡಿ. ಅದಕ್ಕೆ ಜೂನ್‌ನಲ್ಲಿ ಬಂದು ಮಾರ್ಚಿನಲ್ಲಿ ಹೋಗುವ ಒಡೆಯರು ಸಾಲುವುದಿಲ್ಲ. ಶಿಕ್ಷಕರ ದಿನದಂದು ತಾವು ಅಧ್ಯಾಪಕರನ್ನು ರಾಷ್ಟ್ರನಿರ್ಮಾಪಕರೆಂದು ಕರೆಯುತ್ತೀರಿ. ಆ ನಿರ್ಮಾಪಕರಿಗೆ ಬೇಸಿಗೆಯ ಎರಡು ತಿಂಗಳು ಗೌರವಧನ ಇರುವುದಿಲ್ಲ ಎಂಬುದನ್ನು ತಮ್ಮ ಭಾಷಣ ಬರೆಯುವವರು ತಮಗೆ ತಿಳಿಸಿರಲಿಕ್ಕಿಲ್ಲ, ತಾವಾದರೂ ಕೇಳಿರಲಿಕ್ಕಿಲ್ಲ.

ಮಾಧ್ಯಮ ನಿರ್ವಹಣೆ ಎಂಬ ಪಾಠದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಈ ಮಕ್ಕಳಿಗೆ ಅನ್ನ ಕೊಡಬಲ್ಲದ್ದು ಮುಖ್ಯವಾಗಿ ಅದೇ. ವಾಹಿನಿ ಎಂದರೆ ಪರದೆಯ ಮೇಲೆ ಕಾಣುವ ಒಂದು ಮುಖ ಎಂದು ಹಳ್ಳಿಯ ತಂದೆತಾಯಿಗಳು ತಿಳಿದಿದ್ದರೆ ಅದು ಅವರ ತಪ್ಪಲ್ಲ. ಆ ಮುಖದ ಹಿಂದೆ ಹತ್ತಾರು ಕೆಲಸಗಳಿವೆ. ಸಂಜೆ ಆರಕ್ಕೆ ಯಾವ ಕಾರ್ಯಕ್ರಮ, ಅದರ ನಡುವೆ ಯಾರ ಜಾಹೀರಾತು, ಅದು ನಿಜಕ್ಕೂ ಪ್ರಸಾರವಾಯಿತು ಎಂಬುದಕ್ಕೆ ದಾಖಲೆ ಯಾವುದು, ಹಾಕಿದ ಹಾಡಿನ ಹಕ್ಕಿನ ಹಣ ಯಾರಿಗೆ ಸಲ್ಲಬೇಕು, ಉದ್ಘೋಷಕಿಗೆ ಜ್ವರ ಬಂದರೆ ಆ ಪಾಳಿ ಯಾರದು, ಕರೆಂಟು ಹೋದರೆ ಜನರೇಟರಿಗೆ ಡೀಸೆಲ್ ತರುವವರು ಯಾರು, ತಿಂಗಳ ಕೊನೆಗೆ ಸಂಬಳ ಎಲ್ಲಿಂದ. ಲೆಕ್ಕ ಬಲ್ಲ, ಊರು ಬಲ್ಲ, ಮಾತು ಬಲ್ಲ ಹುಡುಗ ಹುಡುಗಿಯರಿಗೆ ಇವು ಒಪ್ಪುವ ಕೆಲಸಗಳು. ವ್ಯಾಪಾರದ ಊರಾದ ಗಜೇಂದ್ರಗಡದ ಮಕ್ಕಳಿಗೆ ಅಂಗಡಿಕಾರನ ಬಳಿ ಕೂತು ಜಾಹೀರಾತು ಕುದುರಿಸುವುದನ್ನು ಹೊರಗಿನವರು ಬಂದು ಕಲಿಸಬೇಕಾಗಿಲ್ಲ. ಅದಕ್ಕೊಂದು ಶಿಸ್ತು, ಕಾನೂನಿನ ತಿಳಿವಳಿಕೆ ಸೇರಿಸಿದರಾಯಿತು. 2024ರ ಫೆಬ್ರುವರಿಯಲ್ಲಿ ಕೇಂದ್ರವು ಸಮುದಾಯ ಬಾನುಲಿಗಳಿಗೆ ಗಂಟೆಗೆ 12 ನಿಮಿಷ ಜಾಹೀರಾತು ಹಾಕಲು ಅವಕಾಶ ಕೊಟ್ಟು, ಸರ್ಕಾರಿ ಜಾಹೀರಾತಿನ ದರವನ್ನು ಹತ್ತು ಸೆಕೆಂಡಿಗೆ 52 ರೂಪಾಯಿಯಿಂದ 74ಕ್ಕೆ ಏರಿಸಿತು. ತರಗತಿಯಲ್ಲಿ ನಾವು ಅದನ್ನು ಹಲಗೆಯ ಮೇಲೆ ಬಿಡಿಸಿದೆವು. ಹನ್ನೆರಡೂ ನಿಮಿಷ ತುಂಬಿದರೆ ಗಂಟೆಗೆ 5,328 ರೂಪಾಯಿ. ‘ಪೂರಾ ತುಂಬೂದಿಲ್ರಿ ಸರ, ಕಾಲುಭಾಗ ತುಂಬಿದ್ರೂ ಒಬ್ಬರ ಪಗಾರ ಹೊಂಡತೈತಿ’ ಎಂದು ಹಿಂದಿನ ಸಾಲಿನಿಂದ ಒಬ್ಬ ಹೇಳಿದ. ನಿರ್ವಹಣೆಯ ಪಾಠ ಅವನಿಗೆ ಆಗಲೇ ಅರ್ಥವಾಗಿತ್ತು. ನಿರ್ವಹಿಸಲು ಒಂದು ನಿಲಯ ಮಾತ್ರ ಇರಲಿಲ್ಲ.

ಹಣವಿಲ್ಲ ಎಂಬ ಮಾತನ್ನು ತಮ್ಮ ಕಚೇರಿ ಬಾಯಿಮಾತಿನಲ್ಲಿ ಎರಡು ಸಲ ಹೇಳಿದೆ. ತುಸು ತಾಳ್ಮೆಯಿಂದ ಕೇಳಬೇಕೆಂದು ಬೇಡುತ್ತೇನೆ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 2001ರಲ್ಲಿ ‘ನಮ್ಮ ಧ್ವನಿ’ ಶುರುವಾದಾಗ ಅವರಿಗೆ ಗಾಳಿಯಲ್ಲಿ ಪ್ರಸಾರ ಮಾಡುವ ಪರವಾನಗಿಯೇ ಇರಲಿಲ್ಲ. ಕೇಬಲ್ ತಂತಿಯ ಮೂಲಕ ಮನೆಮನೆಗೆ ದನಿ ಕಳಿಸಿದರು. ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳು ಅಲ್ಲಿ ಧ್ವನಿಮುದ್ರಣ ಕಲಿತರು. ಧಾರವಾಡದ ಕೃಷಿ ವಿಶ್ವವಿದ್ಯಾಲಯ 2007ರಲ್ಲಿ ಸಮುದಾಯ ಬಾನುಲಿ ತೆರೆಯಿತು. ಎಚ್.ಡಿ. ಕೋಟೆಯ ಕಾಡಂಚಿನ ಸರಗೂರಿನಲ್ಲಿ ‘ಜನಧ್ವನಿ’ ಇದೆ, ಮಂಗಳೂರಿನ ಶಿಕ್ಷಣ ಸಂಸ್ಥೆಯೊಂದರಲ್ಲಿ ‘ಸಾರಂಗ್’ ಇದೆ. ಕಾನೂನು ಒಪ್ಪುವ ಪ್ರಸಾರಶಕ್ತಿಯೇ 100 ವ್ಯಾಟ್. ಒಂದು ಎತ್ತರದ ಕಂಬ, ಒಂದು ಚಿಕ್ಕ ಪ್ರೇಷಕ, ಎರಡು ಮೈಕು, ಒಂದು ಕಂಪ್ಯೂಟರ್, ದನಿ ಸೋರದ ಕೋಣೆ. ಯಂತ್ರಗಳಿಗೆ ಸಹಾಯಧನ ಕೊಡುವ ಯೋಜನೆಯೂ ಕೇಂದ್ರದಲ್ಲಿದೆ. ಇತ್ತ ನಮ್ಮ ರಾಜ್ಯವು 2024ರ ಜನವರಿಯಿಂದ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿಯಂತೆ ಎರಡು ವರ್ಷದವರೆಗೆ ಯುವನಿಧಿ ಕೊಡುತ್ತಿದೆ. ಆ ಹಣ ಹಲವು ಮನೆಗಳಿಗೆ ಆಸರೆಯಾಗಿದೆ, ಅದು ನಿಲ್ಲಬಾರದು. ಆದರೆ ಹತ್ತು ಮಂದಿಗೆ ಎರಡು ವರ್ಷ ಕೊಟ್ಟರೆ ಅದು 7 ಲಕ್ಷ 20 ಸಾವಿರ ರೂಪಾಯಿ. ಓದು ಮುಗಿಸಿ ಕೆಲಸವಿಲ್ಲದೆ ಕೂತವನಿಗೆ ಕೊಡಲು ಇರುವ ಹಣ, ಅವನು ಓದುತ್ತಿರುವಾಗ ಕೆಲಸ ಕಲಿಸಲು ಇಲ್ಲವೆಂದರೆ ಅದನ್ನು ನಂಬುವುದು ನನಗೆ ಕಷ್ಟ.

ಪರವಾನಗಿ ದೆಹಲಿಯ ಕೈಯಲ್ಲಿದೆ ಎಂಬುದು ತಮ್ಮ ಇನ್ನೊಂದು ಉತ್ತರ. ಪ್ರಸಾರದ ತರಂಗಗಳು ಸಾರ್ವಜನಿಕರ ಸ್ವತ್ತು ಎಂದು ಸುಪ್ರೀಂ ಕೋರ್ಟು 1995ರಲ್ಲಿಯೇ ಹೇಳಿತು. 2002ರ ಕೊನೆಗೆ ಶಿಕ್ಷಣ ಸಂಸ್ಥೆಗಳಿಗೆ ಸಮುದಾಯ ಬಾನುಲಿ ತೆರೆಯುವ ಬಾಗಿಲು ತೆಗೆಯಿತು, 2004ರಲ್ಲಿ ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯ ಅದರೊಳಗೆ ಮೊದಲು ಕಾಲಿಟ್ಟಿತು. 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೂ ಅದೇ ಬಾಗಿಲು. ದೇಶದಲ್ಲಿ ಈಗ ಇಂಥ ನಿಲಯಗಳು ಐನೂರರ ಆಸುಪಾಸಿನಲ್ಲಿವೆ. ದೆಹಲಿಯವರು ಇಲ್ಲವೆಂದರೆ ನಾನು ದೆಹಲಿಗೆ ಬರೆಯುತ್ತಿದ್ದೆ. ಅಲ್ಲಿಗೆ ಅರ್ಜಿಯೇ ಹೋಗಿಲ್ಲ. ಅರ್ಜಿ ಹೋಗಬೇಕಾದರೆ ಸಂಸ್ಥೆಯ ಮೇಲಿನವರ ಒಪ್ಪಿಗೆ ಬೇಕು. ಆ ಒಪ್ಪಿಗೆಯ ಹಾಳೆ ಕೂತಿರುವುದು ತಮ್ಮ ಕಚೇರಿಯಲ್ಲಿ.

ಈಗಿನ ಹುಡುಗರ ಕೈಯಲ್ಲೇ ಮೊಬೈಲ್ ಇದೆ, ಅವರಾಗಿಯೇ ಕಲಿಯುತ್ತಾರೆ ಎಂದು ತಾವು ಕಾರಿನ ಬಾಗಿಲ ಬಳಿ ನಿಂತು ನನಗೆ ಹೇಳಿದಿರಿ. ಕಲಿಯುತ್ತಿದ್ದಾರೆ. ತಾಲ್ಲೂಕು ಊರುಗಳಲ್ಲಿ ಲಾಂಛನ ಅಂಟಿಸಿದ ಮೈಕು ಹಿಡಿದು ಯೂಟ್ಯೂಬಿಗಾಗಿ ಓಡಾಡುವ ಹುಡುಗರು ಬಹಳ ಮಂದಿ. ಅವರ ಹುರುಪಿಗೆ ನನ್ನ ಗೌರವವಿದೆ. ಆದರೆ ಬಾಲಕಿಯೊಬ್ಬಳ ಮೇಲೆ ದೌರ್ಜನ್ಯ ನಡೆದಾಗ ಅವಳ ಗುರುತು ಬಿಟ್ಟುಕೊಡುವುದನ್ನು 2012ರ ಪೋಕ್ಸೊ ಕಾಯಿದೆಯ 23ನೇ ಕಲಮು ನಿಷೇಧಿಸುತ್ತದೆ ಎಂದು ಅವರಿಗೆ ಹೇಳಿದವರು ಯಾರು? ಅಪಘಾತದಲ್ಲಿ ಸತ್ತವನ ಹೆಸರನ್ನು ಮನೆಯವರಿಗೆ ತಿಳಿಯುವ ಮೊದಲು ಹಾಕಬಾರದು ಎಂದು ಹೇಳಿದವರು ಯಾರು? ಸುದ್ದಿಗೂ ಜಾಹೀರಾತಿಗೂ ನಡುವೆ ಗೆರೆ ಇದೆ ಎಂದು ಯಾರಾದರೂ ಹೇಳಿದ್ದಾರೆಯೇ? ಹೇಳಬೇಕಾದ ತರಗತಿ ಬರಿಗೈಯಲ್ಲಿದೆ. ಆ ಯೂಟ್ಯೂಬ್ ಹುಡುಗರನ್ನು ಸಭೆಗೆ ಕರೆಯುವವರು ತಮ್ಮ ಕಡೆಯವರು. ತಾವು ಬರುವ ದಿನ ‘ಲೈವ್ ಮಾಡ್ರೋ ತಮ್ಮಾ’ ಎಂದು ಹೇಳಿಕಳಿಸುತ್ತಾರೆ. ಉಪ್ಪಿಟ್ಟು, ಚಹಾ ಕೊಡುತ್ತಾರೆ. ಭಾಷಣ ಮುಗಿದ ಮೇಲೆ ಕೇಳುವ ಪ್ರಶ್ನೆಗಳನ್ನೂ ಚೀಟಿಯಲ್ಲಿ ಬರೆದು ಕೊಡುತ್ತಾರೆ. ತಮ್ಮ ಸ್ವಂತ ವಿಡಿಯೊಗಳನ್ನು ಸಂಕಲಿಸುವ ತಂಡವನ್ನು ಮಾತ್ರ ಸಂಬಳ ಕೊಟ್ಟು ಬೆಂಗಳೂರಿನಿಂದ ಕರೆಸಿಕೊಂಡಿದ್ದೀರಿ. ನುರಿತ ಕೈಯ ಬೆಲೆ ತಮಗೆ ಚೆನ್ನಾಗಿ ಗೊತ್ತಿದೆ. ನಮ್ಮ ಮಕ್ಕಳು ಅಂಥ ಕೈಗಳಾಗಬೇಕೆಂಬ ಮಾತು ಬಂದಾಗ ಮೊಬೈಲ್ ಸಾಕಾಗುತ್ತದೆ.

ಬೆಂಗಳೂರಿಗೆ ಹೋಗಿ ಕಲಿಯಲಿ ಎನ್ನುವವರೂ ಇದ್ದಾರೆ. ಹೆಸರಘಟ್ಟದಲ್ಲಿ ಸರ್ಕಾರದ್ದೇ ಚಲನಚಿತ್ರ ಮತ್ತು ದೂರದರ್ಶನ ಸಂಸ್ಥೆ ಇದೆ, ನಿಜ. ರೋಣದಿಂದ ಅದು ನಾನೂರು ಕಿಲೋಮೀಟರಿಗೂ ಮಿಕ್ಕ ದಾರಿ. ಖಾಸಗಿ ವಾಹಿನಿಗಳಲ್ಲಿ ಕಲಿಕೆಯ ತಿಂಗಳುಗಳಿಗೆ ಸಂಬಳ ಇಲ್ಲದಿರುವುದು ವಾಡಿಕೆ. ಬಾಡಿಗೆ, ಊಟ, ಬಸ್ಸಿನ ಖರ್ಚು ಕೊಟ್ಟು ಮಗಳನ್ನು ಆರು ತಿಂಗಳು ಅಲ್ಲಿ ಇಡಲು ಯಾವ ಕೂಲಿಯವನಿಗೆ ಆದೀತು? ಹೋಗಬಲ್ಲವರು ಹೋಗುತ್ತಾರೆ. ಅವರು ಯಾರ ಮಕ್ಕಳು ಎಂಬುದು ತಮಗೂ ಗೊತ್ತು.

ನಾನು ಬಹಳ ದಿನದಿಂದ ಯೋಚಿಸುತ್ತಿರುವ ಒಂದು ವಿಚಾರವನ್ನು ಇಲ್ಲಿ ತಮ್ಮ ಮುಂದಿಡಬೇಕು. ನರಗುಂದ ತನ್ನ ಕಥೆಯನ್ನು ತಾನೇ ಹೇಳಿಕೊಳ್ಳುವ ಅವಕಾಶ ಪಡೆದ ಊರಲ್ಲ. 1980ರ ಜುಲೈ 21ರಂದು ಮಲಪ್ರಭಾ ನೀರಾವರಿಯ ಅಭಿವೃದ್ಧಿ ಕರದ ವಿರುದ್ಧ ಎದ್ದ ರೈತರ ಮೇಲೆ ಗುಂಡು ಹಾರಿತು. ರಾಜ್ಯದ ರಾಜಕೀಯದ ದಿಕ್ಕು ಬದಲಿಸಿದ ದಿನ ಅದು. ಆ ಕಥೆಯನ್ನು ನಾಡಿಗೆ ಹೇಳಿದವರು ಹೊರಗಿನಿಂದ ಬಂದವರು. 2015ರ ಜುಲೈನಲ್ಲಿ ಮಹದಾಯಿ ನೀರನ್ನು ಮಲಪ್ರಭೆಗೆ ತಿರುಗಿಸಬೇಕೆಂದು ನರಗುಂದದಲ್ಲಿ ಧರಣಿ ಶುರುವಾಗಿ ವರ್ಷಗಟ್ಟಲೆ ನಡೆಯಿತು. ವಾಹಿನಿಗಳ ದೊಡ್ಡ ಗಾಡಿಗಳು ಬಂದದ್ದು ಟೈರು ಸುಟ್ಟ ದಿನ, ಬಂದ್ ಆದ ದಿನ. ಟೈರು ಆರಿದೊಡನೆ ಹೊರಟುಹೋದವು. 2018ರ ಆಗಸ್ಟ್ 14ರಂದು ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ನೀರು ಹಂಚಿತು, 2020ರ ಫೆಬ್ರುವರಿಯಲ್ಲಿ ಅದು ರಾಜಪತ್ರದಲ್ಲಿ ಪ್ರಕಟವಾಯಿತು. ಆ 13.42ರಲ್ಲಿ ಕುಡಿಯಲು ಎಷ್ಟು, ವಿದ್ಯುತ್ತಿಗೆ ಎಷ್ಟು, ಮಲಪ್ರಭೆಗೆ ಬರುವುದು ಎಷ್ಟು, ಅರಣ್ಯದ ಒಪ್ಪಿಗೆ ಎಲ್ಲಿ ನಿಂತಿದೆ ಎಂಬುದನ್ನು ನರಗುಂದದ ರೈತನಿಗೆ ಅವನ ಮಾತಿನಲ್ಲಿ ಬಿಡಿಸಿ ಹೇಳಬಲ್ಲವರು ಅವನ ಮನೆಯ ಮಕ್ಕಳೇ. ಅವರಿಗೆ ದಾಖಲೆ ಓದಲು, ಪ್ರಶ್ನೆ ಕೇಳಲು, ಕೇಳಿದ್ದನ್ನು ತಪ್ಪಿಲ್ಲದೆ ಪ್ರಸಾರ ಮಾಡಲು ಕಲಿಸಿದ್ದರೆ ಇಷ್ಟು ಹೊತ್ತಿಗೆ ಒಂದು ತಲೆಮಾರೇ ತಯಾರಾಗಿರುತ್ತಿತ್ತು. ಅಂಥ ತಲೆಮಾರು ತಮಗೂ ಪ್ರಶ್ನೆ ಕೇಳುತ್ತಿತ್ತು. ಕಡತ ಮುಂದೆ ಸಾಗದಿರಲು ಇದೂ ಒಂದು ಕಾರಣವೇ ಎಂದು ಕೇಳುವ ಹಕ್ಕು ನನಗಿದೆ ಎಂದು ಭಾವಿಸುತ್ತೇನೆ.

ನೀರಿನ ಇನ್ನೊಂದು ಕಥೆಯೂ ಇದೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಬಂದಾಗ ನರಗುಂದ ತಾಲ್ಲೂಕಿನ ಕೊಣ್ಣೂರು, ಲಖಮಾಪುರ, ರೋಣ ತಾಲ್ಲೂಕಿನ ಹೊಳೆಆಲೂರು, ಮೆಣಸಗಿ ನೀರಿಗೆ ಸಿಕ್ಕವು. ನವಿಲುತೀರ್ಥದ ಅಣೆಕಟ್ಟಿನಿಂದ ಎಷ್ಟು ನೀರು ಬಿಟ್ಟರು, ಯಾವ ಊರಿಗೆ ಎಷ್ಟು ಹೊತ್ತಿಗೆ ಮುಟ್ಟುತ್ತದೆ, ಯಾವ ರಸ್ತೆ ಮುಳುಗಿದೆ, ಗಂಜಿ ಕೇಂದ್ರ ಎಲ್ಲಿದೆ ಎಂಬ ನಾಲ್ಕು ಮಾತಿಗಾಗಿ ಜನ ವಾಟ್ಸಾಪಿನ ಗಾಳಿಮಾತನ್ನು ನಂಬಬೇಕಾಯಿತು. ಸಮುದಾಯ ಬಾನುಲಿಗೆ ತನ್ನದೇ ಸುದ್ದಿ ಓದುವ ಅನುಮತಿ ಇಲ್ಲ, ಆಕಾಶವಾಣಿಯ ಸುದ್ದಿಯನ್ನು ಹಾಗೆಯೇ ಹಾಕಬಹುದು. ಆದರೆ ಹವಾಮಾನ, ಪ್ರವಾಹ, ರಸ್ತೆ, ಪರೀಕ್ಷೆ, ನೀರು-ಕರೆಂಟಿನ ಸೂಚನೆಗಳಿಗೆ ತಡೆಯಿಲ್ಲ. ಕಾರ್ಯಕ್ರಮಗಳಲ್ಲಿ ಕನಿಷ್ಠ ಅರ್ಧದಷ್ಟು ಸ್ಥಳೀಯವಾಗಿಯೇ ತಯಾರಾಗಬೇಕೆಂಬುದು ನಿಯಮ. ಹೊಳೆಯ ದಂಡೆಯ ಮಕ್ಕಳು ಹೊಳೆಯ ದಂಡೆಯವರಿಗಾಗಿ ಕೆಲಸ ಮಾಡುತ್ತ ಕಲಿಯಲು ಇದಕ್ಕಿಂತ ಒಳ್ಳೆಯ ಪ್ರಯೋಗಾಲಯ ನನಗೆ ಗೊತ್ತಿಲ್ಲ. ಆ ಪ್ರವಾಹದ ಹೊತ್ತಿನಲ್ಲಿ ಸಂತ್ರಸ್ತರ ನಡುವೆ ನಿಂತ ನಾಯಕರ ಚಿತ್ರಗಳನ್ನು ವಾಹಿನಿಗಳು ಇಡೀ ದಿನ ತೋರಿಸಿದವು. ಯಾವ ರಸ್ತೆಯಲ್ಲಿ ಹೋಗಬಾರದೆಂದು ಮೆಣಸಗಿಯ ಮುದುಕಿಗೆ ಹೇಳುವ ಒಂದು ದನಿ ಇರಲಿಲ್ಲ.

ತಾವು ಕೇಳಬಹುದು, ಇಷ್ಟೆಲ್ಲ ಹೇಳುವ ಮೇಷ್ಟ್ರಿಗೆ ನಿಜವಾಗಿ ಬೇಕಾದದ್ದೇನು ಎಂದು. ಮೂರು ತಾಲ್ಲೂಕಿಗೆ ಮೂರು ಸ್ಟುಡಿಯೊ ಬೇಕೆಂದು ನಾನು ಕೇಳುತ್ತಿಲ್ಲ. ಒಂದು ಸಾಕು. ಗದಗಿನಲ್ಲಿ 2016ರ ಕಾಯಿದೆಯಿಂದ ಹುಟ್ಟಿದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವಿದೆ, ಧಾರವಾಡದಲ್ಲಿ ಆಕಾಶವಾಣಿಯೂ ಕರ್ನಾಟಕ ವಿಶ್ವವಿದ್ಯಾಲಯವೂ ಇವೆ. ಇವರನ್ನೆಲ್ಲ ಒಂದು ಮೇಜಿನ ಸುತ್ತ ಕೂಡಿಸುವ ಅಧಿಕಾರ ತಮಗಿದೆ, ನನಗಿಲ್ಲ. ಕಾಲೇಜಿಗೆ ಇಬ್ಬರು ಕಾಯಂ ಅಧ್ಯಾಪಕರನ್ನು ಕೊಡಿ, ಅವರಲ್ಲಿ ಒಬ್ಬರಾದರೂ ಪ್ರಸಾರದ ಕೆಲಸ ಮಾಡಿ ಬಂದವರಾಗಿರಲಿ. ಕಡೆಯ ವರ್ಷದ ಮಕ್ಕಳಿಗೆ ಧಾರವಾಡದ ನಿಲಯದಲ್ಲೋ ಬೇರೆ ಸಮುದಾಯ ಬಾನುಲಿಯಲ್ಲೋ ಒಂದು ತಿಂಗಳ ಕಲಿಕೆ ಇರಲಿ, ಬಸ್ಸಿನ ಪಾಸೂ ಊಟದ ಖರ್ಚೂ ಸರ್ಕಾರದ್ದಾಗಿರಲಿ. ಅತಿಥಿ ಉಪನ್ಯಾಸಕರ ಒಪ್ಪಂದ ವರ್ಷದ ನಡುವೆ ಕಡಿಯದಿರಲಿ. ಇದರಲ್ಲಿ ಯಾವುದೂ ತಾವು ಆ ದಿನ ವೇದಿಕೆಯ ಮೇಲೆ ಹೇಳಿದ್ದಕ್ಕಿಂತ ಹೆಚ್ಚಿನದಲ್ಲ. ನೋಡಹೋದರೆ ಕಡಿಮೆಯೇ.

ಆಕಾಶವಾಣಿಯಲ್ಲಿ ತಾತ್ಕಾಲಿಕ ಉದ್ಘೋಷಕರಿಗೆ ತಿಂಗಳಿಗೆ ಆರು ಪಾಳಿ ಸಿಗುವುದೇ ಹೆಚ್ಚು, ಅಷ್ಟರಲ್ಲಿ ಸಂಸಾರ ನಡೆಯುವುದಿಲ್ಲ ಎಂಬುದು ನನಗೆ ಗೊತ್ತು. ಖಾಸಗಿ ಎಫ್‌ಎಂ ಗದಗಿಗೆ ಬಂದರೂ ಹಾಡುಗಳ ಪಟ್ಟಿ ಮುಂಬಯಿಯಲ್ಲೋ ಬೆಂಗಳೂರಿನಲ್ಲೋ ತಯಾರಾದೀತು ಎಂಬ ಅಳುಕೂ ನನಗಿದೆ. ಈ ದಾರಿ ಹಿಡಿದ ಎಲ್ಲರಿಗೂ ಕೆಲಸ ಖಚಿತ ಎಂದು ನಾನು ಯಾವ ತಂದೆತಾಯಿಗೂ ಹೇಳಿಲ್ಲ. ಅಂಥ ಆಸೆ ಹುಟ್ಟಿಸಿದವರು ತಾವು. ಆದರೆ ಧ್ವನಿ ಮುದ್ರಿಸಿ ಕತ್ತರಿಸಿ ಜೋಡಿಸಬಲ್ಲ, ಲೆಕ್ಕಪತ್ರ ಇಡಬಲ್ಲ, ಜಾಹೀರಾತು ತರಬಲ್ಲ, ಕಾನೂನು ಅರಿತು ಮಾತಾಡಬಲ್ಲ ಹುಡುಗಿ ಬಾನುಲಿಯಲ್ಲಿ ಅಲ್ಲದಿದ್ದರೆ ಕೇಬಲ್ ವಾಹಿನಿಯಲ್ಲಿ, ಪಂಚಾಯಿತಿಯಲ್ಲಿ, ಸಹಕಾರ ಸಂಘದಲ್ಲಿ, ತನ್ನದೇ ಯೂಟ್ಯೂಬ್ ವಾಹಿನಿಯಲ್ಲಿ ಎಲ್ಲಾದರೂ ಬದುಕಿಯಾಳು. ಪೆನ್ಸಿಲ್ಲಿನಿಂದ ಮಿಕ್ಸರ್ ಬರೆದ ಹುಡುಗಿಗೆ ಆ ದಾರಿಗಳಲ್ಲಿ ಒಂದೂ ತೆರೆಯುವುದಿಲ್ಲ.

ಬರುವ ಶೈಕ್ಷಣಿಕ ವರ್ಷದ ಪ್ರವೇಶ ಆರಂಭವಾಗುವ ಮೊದಲು ಆ ಒಪ್ಪಿಗೆಯ ಹಾಳೆಯ ಮೇಲೆ ತಮ್ಮ ಸಹಿ ಬೀಳಬೇಕೆಂದು ಪ್ರಾರ್ಥಿಸುತ್ತೇನೆ. ಸಹಿ ಹಾಕುವುದು ತಮ್ಮಿಂದ ಆಗದಿದ್ದರೆ ಆಗದೆಂದು ಲಿಖಿತವಾಗಿ ತಿಳಿಸಿ, ಪರಿಶೀಲನೆಯಲ್ಲಿದೆ ಎಂಬ ಉತ್ತರ ಮಾತ್ರ ಇನ್ನು ಬೇಡ. ಪತ್ರಿಕೋದ್ಯಮವನ್ನು ಆಯ್ಕೆ ಮಾಡಿಕೊಳ್ಳಲು ಬರುವ ಮಕ್ಕಳಿಗೂ ಅವರ ಹಿಂದೆ ನಿಂತ ತಾಯ್ತಂದೆಗೂ ತಮ್ಮ ಉತ್ತರವನ್ನು ಓದಿ ಹೇಳುತ್ತೇನೆ, ಆಮೇಲೆ ಅವರು ಯಾವ ವಿಷಯ ಆಯ್ದುಕೊಳ್ಳಬೇಕೋ ಅವರೇ ತೀರ್ಮಾನಿಸಲಿ.

ತಮ್ಮ ವಿಶ್ವಾಸಿ,
ಪತ್ರಿಕೋದ್ಯಮ ಅಧ್ಯಾಪಕ,
ರೋಣ ಸೀಮೆ